ಕಂದು ಬಾಗಿಲಿನ ಟ್ಯಾಕ್ಸಿ

ಬಣ್ಣ ಕರಗಿಸುವ ಥಿನ್ನರ್ ವಾಸನೆ ಎಂದರೆ ದೊಡ್ಡಕ್ಕನಿಗೆ ಅಪ್ಪ. ಸಂಜೆ ಅವರು ಗ್ಯಾರೇಜಿನಿಂದ ಬಂದು ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದರೆ ಮನೆಯೆಲ್ಲ ಆ ವಾಸನೆ. ಎಷ್ಟು ತೊಳೆದರೂ ಬೆರಳಿನಿಂದ ಹೋಗದು ಎಂದು ಅವರು ಊಟವನ್ನೂ ಚಮಚದಲ್ಲೇ ಮಾಡುತ್ತಿದ್ದರು. ಈಗ ಹಳೆಯ ಕಾರುಗಳ ಸಂಘದ ಸಭಾಂಗಣದಲ್ಲಿ, ಗಾಜಿನ ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತ ಆಕೆ ಪುಟ್ಟ ಸೀಸೆಯ ಮುಚ್ಚಳ ತಿರುಗಿಸಿದಾಗ ಅದೇ ವಾಸನೆ ಎದ್ದಿತು.

"ಅಕ್ಕ, ಮುಚ್ಚು ಅದನ್ನ," ಎಂದ ತಮ್ಮ, ತಗ್ಗಿದ ದನಿಯಲ್ಲಿ. "ಇನ್ನೇನು ಪ್ರದರ್ಶನಕ್ಕೆ ಜನ ಬರೋ ಹೊತ್ತಾಯ್ತು."

"ಬರಲಿ. ನೀನು ಬಳಿದಿದ್ದನ್ನ ತೆಗೆಯೋಕೆ ಎಷ್ಟು ಹೊತ್ತು ಬೇಕು?"

ಆಕೆಯ ಅಂಗೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಸಿರು ಆಟಿಕೆ ಟ್ಯಾಕ್ಸಿ ಇತ್ತು. ನಿನ್ನೆ ಆಕೆ ಅದನ್ನು ಹತ್ತಿಯಲ್ಲಿ ಸುತ್ತಿ ತಮ್ಮನ ಕೈಗೆ ಕೊಟ್ಟಾಗ ಹಿಂದಿನ ಬಾಗಿಲೊಂದು ಕಂದು ಬಣ್ಣದ್ದಾಗಿತ್ತು. ಇವತ್ತು ಬಿಚ್ಚಿದರೆ ಅದೂ ಹಸಿರು.

ದೂರವಾಣಿ ಕಚೇರಿಯಲ್ಲಿ ಕೆಲಸಕ್ಕಿದ್ದ ಕಾಲದಿಂದ ಆಕೆ ಇಂಥ ಪುಟ್ಟ ಕಾರುಗಳನ್ನು ಕೂಡಿಡುತ್ತ ಬಂದವಳು. ಮನೆಯವರ ಕೈ ತಾಗದ ಕಾರಿನ ಮಾದರಿ ಎಷ್ಟೇ ಚೆಂದವಿರಲಿ, "ಚೆನ್ನಾಗಿದೆ, ಆದ್ರೆ ನಮಗೆ ನೆಂಟಸ್ತನ ಇಲ್ಲ" ಎಂದು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದಳು. ಉದ್ದ ಮೂಗಿನ ಕರಿಯದು ತಾತ ಡ್ರೈವರಾಗಿದ್ದ ಸಾಹುಕಾರರ ಕಾರು. ತಾತ ಅದರ ಹಿಂದಿನ ಸೀಟಿನಲ್ಲಿ ಒಮ್ಮೆಯೂ ಕೂತವರಲ್ಲ. ಅದಕ್ಕೇ ಅಲ್ಲಿ ಟೋಪಿ ಹಾಕಿದ ಮರದ ಬೊಂಬೆಯೊಂದನ್ನು ಕಾಲ ಮೇಲೆ ಕಾಲು ಹಾಕಿಸಿ ಕೂರಿಸಿದ್ದಳು. ಗುಂಡುಬೆನ್ನಿನ ಬಿಳಿಯದರಲ್ಲಿ ಸೋದರತ್ತೆ ಯಾರ ಮಾತಿಗೂ ಕಿವಿಗೊಡದೆ ಡ್ರೈವಿಂಗ್ ಕಲಿತಿದ್ದಳು. ಹಸಿರಿನದು ಚಿಕ್ಕಪ್ಪನ ಟ್ಯಾಕ್ಸಿ. ಇವೆಲ್ಲ ಒಂದು ದಿನ ಗಾಜಿನೊಳಗೆ, ಅಪ್ಪನ ಹೆಸರಿನ ಕೆಳಗೆ ನಿಲ್ಲಬೇಕೆಂಬುದು ಆಕೆಯ ಬಹುಕಾಲದ ಆಸೆ. ಚಪ್ಪಲಿ ಸವೆಸಿ ಸಂಘದವರನ್ನು ಒಪ್ಪಿಸಿದವನು ತಮ್ಮ. ಆ ಉಪಕಾರವನ್ನು ಆಕೆ ಮರೆತಿರಲಿಲ್ಲ.

"ನೋಡಿದವರು ಕೇಳಿದ್ರೆ ಏನಂತ ಹೇಳೋದು?" ಎಂದ ತಮ್ಮ. "ಕಾರಿಗೆ ಪೇಂಟ್ ಹೊಡೀತಿದ್ದ ನಮ್ಮಪ್ಪನಿಗೆ ಬಣ್ಣಾನೇ ಗೊತ್ತಾಗ್ತಿರಲಿಲ್ಲ ಅಂತಲಾ?"

"ಹಾಗೇ ಹೇಳ್ತೀನಿ."

ಅದು ನಿಜವೇ. ಅಪ್ಪನಿಗೆ ಹಸಿರೂ ಕಂದೂ ಒಂದೇ ಥರ ಕಾಣುತ್ತಿದ್ದವು. ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ದೊಡ್ಡಕ್ಕ ಗ್ಯಾರೇಜಿಗೆ ನುಗ್ಗಿ ಬಣ್ಣದ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು, ಯಾವಾಗಲೂ ಅದೇ ಸಾಲು. ಅಪ್ಪ ಬಣ್ಣ ನೋಡುತ್ತಿರಲಿಲ್ಲ, ಸಾಲು ನೋಡುತ್ತಿದ್ದರು. ಒಂದು ದಿನ ಯಾರೋ ನೆಲ ಗುಡಿಸಿ ಡಬ್ಬಿಗಳನ್ನು ಅದಲುಬದಲು ಇಟ್ಟರು. ಚಿಕ್ಕಪ್ಪನ ಟ್ಯಾಕ್ಸಿಯ ನೆಗ್ಗಿದ ಬಾಗಿಲನ್ನು ಅಪ್ಪ ತಟ್ಟಿ ಸರಿಮಾಡಿ, ಮುಖ ಕಾಣುವಷ್ಟು ಹೊಳೆಯುವ ಹಾಗೆ ಕಂದು ಬಣ್ಣ ಹೊಡೆದರು. ಚಿಕ್ಕಪ್ಪ ಬಂದವನು ಗಾಡಿಗೆ ಒಂದು ಸುತ್ತು ಹಾಕಿದ, ಮುಸಿಮುಸಿ ನಗುತ್ತಿದ್ದ ಗ್ಯಾರೇಜಿನವರನ್ನು ನೋಡಿದ, ಅಣ್ಣನ ಮುಖ ನೋಡಿದ. "ನಾನು ಹೇಳಿದ ಬಣ್ಣಾನೇ ಹೊಡೆದಿದ್ದೀಯ, ಅಣ್ಣ," ಎಂದ, ಎಲ್ಲರಿಗೂ ಕೇಳುವಂತೆ. "ಸ್ಟ್ಯಾಂಡಿನಲ್ಲಿ ನನ್ನ ಗಾಡಿ ಯಾವುದು ಅಂತ ಗಿರಾಕಿಗಳಿಗೆ ಇನ್ಮೇಲೆ ಗೊತ್ತಾಗುತ್ತೆ." ಗಾಡಿ ಗುಜರಿಗೆ ಹೋಗುವ ತನಕ ಆ ಬಾಗಿಲಿಗೆ ಅವನು ಬೇರೆ ಬಣ್ಣ ಮುಟ್ಟಿಸಲಿಲ್ಲ.

"ನಿನ್ನ ಹಟವೇ ಹಟ," ಎನ್ನುತ್ತ ಹಣೆ ಒರೆಸಿಕೊಂಡ ತಮ್ಮ. "ಹಿಡಿದ ಮೊಲಕ್ಕೆ ಮೂರೇ ಕಾಲು."

"ಈ ಮೊಲಕ್ಕೆ ಇದ್ದದ್ದೇ ಮೂರು ಕಾಲು ಕಣೋ. ನಾನು ಕಣ್ಣಾರೆ ನೋಡಿದ್ದೀನಿ."

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಬಂದರು. ಮೆತ್ತಗೆ ಮಾತಾಡುವ ಮನುಷ್ಯ. "ಅಮ್ಮ, ಆ ಕಾಲದ ಟ್ಯಾಕ್ಸಿಗಳು ಪೂರ್ತಿ ಒಂದೇ ಬಣ್ಣ. ತಪ್ಪು ಮಾದರಿ ಇಟ್ರೆ ನಮ್ಮ ಸದಸ್ಯರು ಸುಮ್ಮನಿರಲ್ಲ. ಬೇಕಾದ್ರೆ ಇದೊಂದನ್ನ ಬಿಟ್ಟು ಮಿಕ್ಕಿದ್ದು ಇಡೋಣ."

"ಒಂದೇ ಮನೆಯವು ಸ್ವಾಮಿ," ಎಂದಳು ದೊಡ್ಡಕ್ಕ. "ಇದು ಹೊರಗೆ ಹೋದ್ರೆ ಎಲ್ಲವೂ ಹೊರಗೆ." ದನಿ ಏರಿರಲಿಲ್ಲ. ತಾತನ ಕರಿಯ ಕಾರನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ರಟ್ಟಿನ ಡಬ್ಬಕ್ಕೆ ಇಳಿಸಿದಳು. ಅತ್ತೆಯದನ್ನು ಅದರ ಪಕ್ಕಕ್ಕೆ. ಆಮೇಲೆ ಹತ್ತಿಗೆ ಥಿನ್ನರ್ ತಾಗಿಸಿ ಪುಟ್ಟ ಬಾಗಿಲನ್ನು ಉಜ್ಜತೊಡಗಿದಳು. ಹಸಿರು ಬಣ್ಣ ಹತ್ತಿಗೆ ಇಳಿಯಿತು.

ಅಧ್ಯಕ್ಷರು ತಮ್ಮನ ಕಡೆ ತಿರುಗಿದರು. "ನೀವಾದ್ರೂ ಹೇಳಿ."

ಅವನು ಬಾಯಿ ತೆರೆಯುವ ಮೊದಲು ದೊಡ್ಡಕ್ಕ ತಲೆಯೆತ್ತದೆಯೇ ಅಂದಳು: "ಹುಟ್ಟಿದಾಗ ನಿನ್ನನ್ನ ಆಸ್ಪತ್ರೆಯಿಂದ ಮನೆಗೆ ತಂದಿದ್ದು ಇದೇ ಗಾಡೀಲಿ. ಇದೇ ಬಾಗಿಲು ತೆಗೆದು ಅಪ್ಪ ನಿನ್ನನ್ನ ಎತ್ತಿಕೊಂಡ್ರು. ಬೀದಿಯವರೆಲ್ಲ ಬಾಗಿಲು ನೋಡ್ತಿದ್ರು. ಅಪ್ಪ ಮಾತ್ರ ನಿನ್ನ ನೋಡ್ತಿದ್ರು."

ಅವನು ಅಧ್ಯಕ್ಷರ ತೋಳು ಹಿಡಿದು ದ್ವಾರದ ಬಳಿಗೆ ಕರೆದೊಯ್ದ. ದೊಡ್ಡಕ್ಕ ಎರಡು ಎಳೆಯ ಕುಂಚವನ್ನು ಕಂದು ಬಣ್ಣದಲ್ಲಿ ಅದ್ದಿದಳು. ಅಂಚಿಗೆ ತಾಗದಂತೆ ಉಸಿರು ಹಿಡಿದು ಎಳೆಯುತ್ತಿದ್ದಾಗ ದೂರದಿಂದ ತಮ್ಮನ ಮಾತು ತುಂಡುತುಂಡಾಗಿ ಕೇಳಿಸಿತು. "ಗೊತ್ತು ಸಾರ್... ತಪ್ಪು ಅಲ್ಲ, ನಮ್ಮನೇದು ಹಾಗೇ ಇತ್ತು... ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸಿ, ನಾನೇ ಹೇಳ್ತೀನಿ."

ಅಧ್ಯಕ್ಷರು ಒಪ್ಪಿ ತಲೆಯಾಡಿಸಿದ ಮೇಲೆ ಅವನು ಮರಳಿ ಬಂದು ರಟ್ಟಿನ ಡಬ್ಬದಿಂದ ತಾತನ ಕಾರನ್ನೂ ಅತ್ತೆಯ ಕಾರನ್ನೂ ತೆಗೆದು ಗಾಜಿನೊಳಗೆ ಇಟ್ಟ. ಟ್ಯಾಕ್ಸಿಗೆಂದು ನಡುವೆ ಜಾಗ ಬಿಟ್ಟ. ಆಮೇಲೆ ಹೆಂಡತಿ ಕಟ್ಟಿಕೊಟ್ಟಿದ್ದ ಊಟದ ಡಬ್ಬಿ ಬಿಚ್ಚಿ, ಕಂದು ಬಣ್ಣ ಮೆತ್ತಿದ ಅಕ್ಕನ ಬೆರಳುಗಳನ್ನೊಮ್ಮೆ ನೋಡಿ, ಚೀಲದಲ್ಲಿ ತಡಕಾಡಿದ. ಡಬ್ಬಿಯೊಳಗೆ ಚಮಚ ಇಟ್ಟು, ಹಿಡಿ ಅವಳ ಕಡೆಗಿರುವಂತೆ ತಿರುಗಿಸಿ ಕೊಟ್ಟ.