ಸೋಪಣ್ಣ ತಿಂದ ನೂಡಲ್ಸ್

ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು ಕುದಿಸಿಟ್ಟ ಮನುಷ್ಯ ಬೀದಿಬದಿಯ ನೂಡಲ್ಸ್ ಗಾಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದನೆಂದರೆ, ಅದು ಹೊಟ್ಟೆಯ ಹಸಿವಿಗಲ್ಲ, ಕರುಳಿನ ಸಂಕಟಕ್ಕೆ. ಬೀದಿಯವರೆಲ್ಲ ಅವನನ್ನು ಸೋಪಣ್ಣ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವನ ಒಬ್ಬಳೇ ಮಗಳು ಎದುರಿನ ಟೈಲರ್ ಅಂಗಡಿಯಲ್ಲಿ ಕಾಜ ಹಾಕುವವಳು. ಮದುವೆಯಾದರೆ ಈ ನೂಡಲ್ಸಿನವನನ್ನೇ ಎಂದು ಹಟ ಹಿಡಿದು ಎರಡು ತಿಂಗಳಾಗಿತ್ತು. ಬೇಡವೆನ್ನಲು ಸೋಪಣ್ಣನಿಗಿದ್ದದ್ದು ಒಂದೇ ಕಾರಣ, ಗಾಡಿಯ ಗಲೀಜು. ಕೊನೆಗೆ ಹೆಂಡತಿ ತೀರ್ಮಾನ ಕೊಟ್ಟಳು: "ದೂರದಲ್ಲಿ ನಿಂತು ಮೂಗು ಹಿಡ್ಕೊಂಡ್ರೆ ಆಗಲ್ಲ. ಒಂದ್ಸಲ ಅವನ ಕೈಯಡುಗೆ ತಿಂದು ಬನ್ನಿ. ಆಮೇಲೆ ಹೂಂ ಅಂದ್ರೂ ಸರಿ, ಉಹೂಂ ಅಂದ್ರೂ ಸರಿ. ಮಗಳೂ ಇದಕ್ಕೆ ಒಪ್ಪಿದ್ದಾಳೆ."

ಸಂಜೆಯ ಬಿಸಿಲು ಇನ್ನೂ ಇತ್ತು. ಗಾಡಿಯ ಪಕ್ಕದಲ್ಲೇ ಚರಂಡಿ. ಬಕೆಟ್ಟಿನ ನೀರಲ್ಲಿ ತಟ್ಟೆಗಳು ಮುಳುಗಿದ್ದವು, ಮೇಲೆ ಎಲೆಕೋಸಿನ ಚೂರೊಂದು ದೋಣಿಯಂತೆ ತೇಲುತ್ತಿತ್ತು. ಸಾಸ್ ಬಾಟಲಿಯ ಬಾಯಲ್ಲಿ ಹಕ್ಕಳೆಗಟ್ಟಿದ ಕೆಂಪು, ಅದರ ಮೇಲೆ ನೊಣ. ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಸೋಪಣ್ಣನ ಕಣ್ಣು ನೆಟ್ಟಿದ್ದು ನೂಡಲ್ಸಿನವನ ಹೆಗಲ ಮೇಲಿದ್ದ ಬಟ್ಟೆಯ ಮೇಲೆ. ಅವನು ಅದರಿಂದ ತಟ್ಟೆ ಒರೆಸಿದ, ಬಾಣಲೆಯ ಅಂಚು ಒರೆಸಿದ, ಹಣೆಯ ಬೆವರು ಒರೆಸಿದ, ಮತ್ತೆ ಅದರಿಂದಲೇ ಸೋಪಣ್ಣನ ಚಮಚ ಒರೆಸಿ ಎರಡೂ ಕೈಯಲ್ಲಿ ಭಕ್ತಿಯಿಂದ ಕೊಟ್ಟ.

"ತಗೊಳಿ ಯಜಮಾನ್ರೇ. ಇವತ್ತು ಸ್ಪೆಷಲ್ಲಾಗಿ ಮಾಡಿದೀನಿ."

ಸೋಪಣ್ಣನ ಮೈಮೇಲೆ ಹುಳ ಹರಿದಂತಾಯಿತು.

ತಟ್ಟೆ ಬಂತು. ಎಳೆಗಳು ಒಂದಕ್ಕೊಂದು ಅಂಟಿ, ನೆಲ ಒರೆಸಿ ಹಿಂಡದೆ ಬಿಟ್ಟ ಬಟ್ಟೆಯಂತೆ ಮುದ್ದೆಯಾಗಿದ್ದವು. ಬಣ್ಣ ತುಕ್ಕಿನದು. ಸೋಪಣ್ಣ ಕಣ್ಣುಮುಚ್ಚಿ, ಅನ್ನದಾತನಾದ ದೇವರನ್ನು ನೆನೆದ. ತಟ್ಟೆಗೆ ಬಿದ್ದದ್ದು ದೇವರು ಬಡಿಸಿದ್ದು, ಒಂದು ಅಗುಳೂ ಬಿಡಬಾರದು ಎಂದು ಅವನ ತಾಯಿ ಕಲಿಸಿದ್ದಳು. ಆ ಮಾತನ್ನು ಅವನು ಒಂದು ದಿನವೂ ಮೀರಿದವನಲ್ಲ. ಇವತ್ತು ಮೀರಿದರೆ ದೇವರು ಕ್ಷಮಿಸಿಯಾನು ಎಂದು ಒಂದು ಗಳಿಗೆ ಅನಿಸಿತು. ಆದರೂ ತುತ್ತೆತ್ತಿದ.

ನಾಲಗೆಗೆ ಮೊದಲು ತಾಗಿದ್ದು ಕಬ್ಬಿಣ, ಆಮೇಲೆ ಸೀದ ಕಮಟು. ಅದರ ಹಿಂದೆಯೇ ಜಾರಿಬಂದ ರುಚಿಯೊಂದನ್ನು ಅವನ ಬಾಯಿ ಗುರುತು ಹಿಡಿಯಿತು, ಬುದ್ಧಿ ನಂಬಲಿಲ್ಲ. ಇಪ್ಪತ್ತೆಂಟು ವರ್ಷ ಮೊಣಕೈವರೆಗೆ ಹಚ್ಚಿಕೊಂಡದ್ದು ಇಂದು ಗಂಟಲಲ್ಲಿ ಇಳಿಯುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಲಾರಿ ಡ್ರೈವರ್ ದಿನದ ಗಿರಾಕಿ. ಅವನು ಬಾಯಲ್ಲಿದ್ದದ್ದನ್ನು ಚರಂಡಿಗೆ ಉಗಿದ.

"ಏನ್ ಗುರು, ನೂಡಲ್ಸ್ ಬೇಯಿಸಿದೀಯೋ, ಬಟ್ಟೆ ಒಗ್ದಿದೀಯೋ? ಬಾಯಲ್ಲಿ ನೊರೆ ಬರ್ತಿದೆ ನೋಡು."

ನೂಡಲ್ಸಿನವನ ಮುಖ ಇಳಿದುಹೋಯಿತು. ಸೌಟನ್ನು ಬಾಣಲೆಯಲ್ಲೇ ಬಿಟ್ಟು ಸೋಪಣ್ಣನ ಕಡೆ ತಿರುಗಿದ.

"ನಿಮಗೆ ಸ್ವಚ್ಛ ಇರಬೇಕು ಅಂತ ಅವಳು ಹೇಳಿದ್ಲು. ಬೆಳಿಗ್ಗೆಯಿಂದ ಸೋಪಿನ ಪುಡಿ ಹಾಕಿ ತಂತಿ ಬ್ರಷ್ಷಲ್ಲಿ ಮೂರು ಸಲ ಬಾಣಲೆ ಉಜ್ಜಿದೆ. ಆರು ವರ್ಷದಿಂದ ಎಣ್ಣೆ ಕುಡಿದು ಕರ್ರಗೆ ಹದವಾಗಿತ್ತು. ಎಲ್ಲಾ ಕಿತ್ಕೊಂಡು ಹೋಯ್ತು. ಈಗ ಏನು ಹಾಕಿದ್ರೂ ಅಂಟುತ್ತೆ."

"ಅಲ್ಲಪ್ಪಾ, ಮಾವನ್ನ ಮೆಚ್ಚಿಸೋಕೆ ಹೋಗಿ ನಮ್ಮ ಹೊಟ್ಟೆ ತೊಳೆದ್ಯಲ್ಲ," ಎಂದು ಡ್ರೈವರ್ ತಟ್ಟೆ ಕೆಳಗಿಟ್ಟ.

ಸೋಪಣ್ಣ ನಗಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಡ್ ನರ್ಸಮ್ಮನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಇಂಥದೇ ಬ್ರಷ್ಷಿನಿಂದ ಒಂದು ಡಬ್ಬಿ ಕತ್ತರಿಗಳನ್ನು ಬೆಳ್ಳಿಯಂತೆ ಉಜ್ಜಿಟ್ಟಿದ್ದ. ತಿಂಗಳೊಳಗೆ ಅಷ್ಟೂ ತುಕ್ಕು ಹಿಡಿದವು. ಆ ನರ್ಸಮ್ಮ ಬಯ್ಯಲಿಲ್ಲ, ಇನ್ನೊಂದು ಡಬ್ಬಿ ಕೈಗಿಟ್ಟಿದ್ದಳು.

ಎದುರಿನ ಅಂಗಡಿಯ ಬಾಗಿಲಲ್ಲಿ ಮಗಳು ಸೂಜಿ ಹಿಡಿದುಕೊಂಡೇ ನಿಂತಿದ್ದಳು. ಅವನು ಅವಳನ್ನು ನೋಡಿದ, ತಟ್ಟೆಯನ್ನು ನೋಡಿದ. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಉಸಿರು ಬಿಗಿಹಿಡಿದು, ಔಷಧಿ ಕುಡಿಯುವವನಂತೆ, ಒಂದೊಂದೇ ತುತ್ತು ಒಳಗಿಳಿಸಿದ. ಎರಡು ಸಲ ಗಂಟಲಿಗೆ ವಾಪಸು ಬಂತು, ಎರಡು ಸಲವೂ ನೀರು ಕುಡಿದು ತಳ್ಳಿದ. ಕಣ್ಣಲ್ಲಿ ನೀರು. ತಟ್ಟೆ ಬರಿದಾಯಿತು.

ನೂಡಲ್ಸಿನವನು ಗಾಬರಿಯಿಂದ ಓಡಿಬಂದು, ಬಾಯಿ ಒರೆಸಿಕೊಳ್ಳಲಿ ಎಂದು ಹೆಗಲ ಮೇಲಿನ ಬಟ್ಟೆಯನ್ನೇ ಚಾಚಿದ.

ಸೋಪಣ್ಣ ಅದನ್ನು ಎರಡು ಬೆರಳ ತುದಿಯಲ್ಲಿ, ಸತ್ತ ಇಲಿಯ ಬಾಲ ಹಿಡಿಯುವಂತೆ ಹಿಡಿದುಕೊಂಡ.

"ಈ ಬಾಣಲೆ ಮತ್ತೆ ಹದಕ್ಕೆ ಬರೋಕೆ ಎಷ್ಟು ದಿನ ಬೇಕು?"

"ದಿನಾ ಎಣ್ಣೆ ಹಚ್ಚಿ ಕಾಯಿಸಿದ್ರೆ ಒಂದು ತಿಂಗಳು, ಯಜಮಾನ್ರೇ."

"ಒಂದು ತಿಂಗಳು ಬಿಟ್ಟು ನಿಮ್ಮ ಮನೆ ದೊಡ್ಡೋರನ್ನ ಕರ್ಕೊಂಡು ಮಾತುಕತೆಗೆ ಬಾ. ಅದಕ್ಕೆ ಸೋಪು ಮುಟ್ಟಿಸಬೇಡ." ಬಟ್ಟೆಯನ್ನು ಒಲೆಯ ಉರಿಗೆ ಇಳಿಬಿಟ್ಟ. ಅದು ಚುರುಚುರು ಎಂದು, ಸುಟ್ಟ ಎಣ್ಣೆಯ ವಾಸನೆ ಬಿಡುತ್ತ ಕರಕಾಯಿತು. "ಸೋಪು ಹಾಕಬೇಕಾಗಿದ್ದು ಇದಕ್ಕೆ. ಸೋಮವಾರದಿಂದ ದಿನಕ್ಕೆ ಆರು ಬಟ್ಟೆ, ನಾನೇ ಕುದಿಸಿ ತಂದ್ಕೊಡ್ತೀನಿ."

ಮಗಳು ರಸ್ತೆ ದಾಟಿ ಓಡಿಬಂದಳು. "ಅಪ್ಪಾ, ಹೇಗಿತ್ತು?"

ಉತ್ತರ ಹೇಳಲು ಬಾಯಿ ತೆರೆದ ಸೋಪಣ್ಣ ತಟ್ಟನೆ ಅದನ್ನು ಕೈಯಿಂದ ಮುಚ್ಚಿಕೊಂಡು ಚರಂಡಿಯತ್ತ ನಡೆದ.