ಪಿಕಪ್ಪಿನೊಳಗೊಂದು ಕುಣಿ

ಹುನಗುಂದದಲ್ಲಿ ಇಳಕಲ್ ರಸ್ತೆಗೆ ಹೊಂದಿಕೊಂಡು ನನ್ನ ಗ್ಯಾರೇಜಿದೆ. ಅದರ ಗೋಡೆಯ ಮೇಲೆ ನಾನೇ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ: ‘ಓವರ್‌ಲೋಡ್ ಹಾಕುವವರು ಇಲ್ಲಿಗೆ ಬರಬಾರದು.’ ಮೂವತ್ತು ವರ್ಷ ಡ್ರೈವರುಗಳಿಗೆ ಇದನ್ನೇ ಬೈದು ಬೈದು ಗಂಟಲು ಹೋಗಿದೆ. ಸಂಗಯ್ಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರು ಹೇಳುತ್ತದೆ. ಹೇಳಲಿ, ಗಾಡಿ ಕೆಟ್ಟಾಗ ಅದೇ ಊರು ನನ್ನ ಬಾಗಿಲಿಗೇ ಬರುತ್ತದೆ.

ಅಂಥ ನಾನು ಮೊನ್ನೆ ಬಾದಾಮಿಯಲ್ಲಿ ಒಂದು ಪಿಕಪ್ಪಿನ ಮೇಲೆ ಹದಿನಾರು ಜನರನ್ನು ಕೈಮುಗಿದು ಹತ್ತಿಸಿದೆ. ಅದು ಹೇಗಾಯಿತೆಂದು ಹೇಳುತ್ತೇನೆ. ನಡುವೆ ಯಾರೂ ನಗಬಾರದು.

ಪಿಕಪ್ ಕೊಂಡದ್ದು ಗ್ಯಾರೇಜಿಗಾಗಿ. ಕಲಾದಗಿಯ ದಾಳಿಂಬೆ ತೋಟದವರು ಹದಿನಾಲ್ಕು ವರ್ಷ ದುಡಿಸಿ ಬಿಟ್ಟಿದ್ದ ಗಾಡಿ. ಎಡಬಾಗಿಲಿಗೆ ಹಗ್ಗ, ಸೀಟಿಗೆ ಗೋಣಿಚೀಲ, ಮೂರನೇ ಗೇರಿಗೆ ದೇವರೇ ಗತಿ. ಅದರಲ್ಲಿ ವೆಲ್ಡಿಂಗ್ ಸೆಟ್ ಇಟ್ಟುಕೊಂಡು, ಹೈವೇಯಲ್ಲಿ ಕೆಟ್ಟು ನಿಂತವರ ಹತ್ತಿರ ನಾನೇ ಹೋಗಬೇಕೆಂದು ಲೆಕ್ಕ ಹಾಕಿದ್ದೆ. ಕೊಳ್ಳುವುದಕ್ಕೇ ಹಣವೆಲ್ಲ ಹೋಗಿ, ರಿಪೇರಿಗೆ ಉಳಿದದ್ದು ಹನ್ನೊಂದು ಸಾವಿರ.

ಅದೇ ವಾರ ಇಳಕಲ್ಲಿನಲ್ಲಿ ನನ್ನ ಅತ್ತೆ ನೀಲಾಬಾಯಿಗೆ ಮನೆ ಬಿಡುವ ಪ್ರಸಂಗ ಬಂತು. ಬಾಡಿಗೆಯ ಮನೆಯನ್ನು ಯಜಮಾನರು ಮಾರಿಬಿಟ್ಟಿದ್ದರು. ಬೇರೆ ಮನೆ ಸಿಕ್ಕಿತು, ಆದರೆ ಅದು ಮೊದಲ ಮಹಡಿ. ಅತ್ತೆ ನೇಯುವುದು ಕುಣಿಮಗ್ಗದಲ್ಲಿ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕೂತು, ಕಾಲುಗಳನ್ನು ಒಳಗಿಳಿಸಿ ತುಳಿಯುವ ಮಗ್ಗ ಅದು. ಮಹಡಿಯಲ್ಲಿ ಕುಣಿ ತೋಡಿದರೆ ಅವರ ಕಾಲುಗಳು ಕೆಳಗಿನ ಮನೆಯವರ ಸಾರಿನ ಪಾತ್ರೆಗೆ ಇಳಿಯುತ್ತಿದ್ದವು.

ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ಬಾಗಲಕೋಟೆಯ ನವನಗರದ ಮಥುರಾಬಾಯಿಯವರು ಮೊಮ್ಮಗಳು ಶುಭದಾಳ ಮದುವೆಗೆ ನೇಯಿಸುತ್ತಿದ್ದ ಸೀರೆ. ಆ ಮನೆಯ ಹೆಣ್ಣುಮಕ್ಕಳ ಮೇಲೆ ಅಕ್ಷತೆ ಬೀಳುವಾಗ ಮೈಮೇಲೆ ನೀಲಾಬಾಯಿಯ ಸೀರೆಯೇ ಇರಬೇಕು. ಅದರ ಕೊನೆಯ ಗೇಣನ್ನು ಮದುಮಗಳ ಎದುರಿಗೇ ನೇಯಬೇಕು, ಕಡೆಯ ಎಳೆಯನ್ನು ಅವಳೇ ಹಾಕಬೇಕು. ಇಬ್ಬರು ಮುದುಕಿಯರು ನಲವತ್ತು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ. ಮದುವೆಗೆ ಹದಿನೆಂಟು ದಿನ ಉಳಿದಿತ್ತು.

“ಕತ್ತರಿಸಿಬಿಡ್ರಿ,” ಎಂದರು ಅತ್ತೆ. “ಅರ್ಧಕ್ಕ ಕತ್ತರಿಸಿದ್ರ ಅದು ಟವೆಲ್. ಮಗ್ಗಾ ಒಲಿಗೆ ಹಾಕ್ರಿ. ನಾ ಇನ್ನ ನೇಯೂದಿಲ್ಲ.”

ಅವರು ಕಣ್ಣೀರು ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಕಲಿಲ್ಲ. ಓಣಿಯ ಹೆಂಗಸರು ದಿನವೂ ಮಗ್ಗದ ಸುತ್ತ ಕೂತು ಹರಟುತ್ತಿದ್ದ ಜಾಗವನ್ನು ಸುಮ್ಮನೆ ನೋಡುತ್ತ ನಿಂತರು. ಸಂಕಟವಾದಾಗ ನನಗೆ ಬರುವುದು ಸಿಟ್ಟು, ಹಾಗಾಗಿ ಹೆಂಡತಿ ಮಹೇಶ್ವರಿಯ ಮೇಲೆ ಹರಿಹಾಯ್ದೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು:

“ನಿಮ್ಮ ಪಿಕಪ್ಪಿನ್ಯಾಗ ಒಂದು ಕುಣಿ ತೋಡ್ರಿ.”

“ತಲಿ ನೆಟ್ಟಗ ಐತೇನ ನಿಂದು?”

“ನೆಲಾನ ಇಲ್ಲ ಅಂದಮ್ಯಾಲ ಇನ್ನೆಲ್ಲಿ ತೋಡೂದು? ನಿಮ್ಮ ಗಾಡ್ಯಾಗ ಹ್ಯಾಂಗೂ ತೂತು ಭಾಳ ಅದಾವು. ಇನ್ನೊಂದು ದೊಡ್ಡದು.”

ಒಂದು ತಾಸು ಕೂಗಾಡಿದೆ. ಎರಡನೇ ತಾಸಿಗೆ ಅಳತೆಯ ಪಟ್ಟಿ ಹಿಡಿದುಕೊಂಡು ಗಾಡಿಯ ಕೆಳಗೆ ಮಲಗಿದ್ದೆ.

ಹಿಂದಿನ ಗಾಲಿಗಳ ಆಚೆ ತಗಡನ್ನು ಚೌಕಾಗಿ ಕೊಯ್ದು, ಡೀಸೆಲ್ ಡ್ರಮ್ಮೊಂದನ್ನು ಅರ್ಧಕ್ಕೆ ಸೀಳಿ ಕೆಳಗೆ ಬೆಸೆದೆ. ಅತ್ತೆಯ ಕಾಲಿಗೆ ಕುಣಿ ಆಯಿತು. ಅಲ್ಲಿದ್ದ ಸ್ಟೆಪ್ನಿಯನ್ನು ಕ್ಯಾಬಿನ್ನಿನ ತಲೆಗೆ ಏರಿಸಿದೆ, ಟೂಲ್ ಪೆಟ್ಟಿಗೆಯನ್ನು ಕಿತ್ತೆಸೆದೆ. ಅಮೀನಗಡದ ಗುಜರಿಯಲ್ಲಿ ಶಾಲೆಯ ಮುರಿದ ಬೆಂಚುಗಳ ಪೈಪು ತೂಕಕ್ಕೆ ಸಿಕ್ಕಿತು, ಅದೇ ಚಾವಣಿಯ ಚೌಕಟ್ಟು. ಮಗ್ಗ ಅಗಲವಾಯಿತೆಂದು ಎರಡೂ ಬದಿಯ ಹಲಗೆಗಳನ್ನು ಹೊರಗೆ ಮಲಗಿಸಿ ಸರಪಳಿ ಬಿಗಿದೆ. ಡಬ್ಬಿಗಳಲ್ಲಿ ಉಳಿದ ಬಣ್ಣ ಬಳಿದದ್ದರಿಂದ ಮೂತಿ ಹಸಿರು, ಬೆನ್ನು ಹಳದಿ, ಒಂದು ಬಾಗಿಲು ಮಾತ್ರ ಗುಲಾಬಿ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ ನಗತೊಡಗಿದರು. ನನಗೂ ಒಳಗೊಳಗೇ ನಗು ಬರುತ್ತಿತ್ತು, ತೋರಿಸಲಿಲ್ಲ.

ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಸತ್ತಿದ್ದವು. ಹೊಸದು ಹಾಕಿದರೆ ಉಳಿದ ಹಣವೂ ಖಾಲಿ. ನಿಂತಲ್ಲೇ ನಿಲ್ಲುವ ಗಾಡಿಗೆ ಶಾಕ್ ಯಾಕೆ ಎಂದುಕೊಂಡೆ. ಮೂವತ್ತು ವರ್ಷದ ಮೇಸ್ತ್ರಿ ಆಡಿದ ಮಾತು ಇದು.

ಒಂಬತ್ತನೇ ದಿನ ಇಳಕಲ್ಲಿನಿಂದ ಮಗ್ಗ ತಂದು ಗಾಡಿಯಲ್ಲಿ ಕೂಡಿಸಿದೆ, ಅತ್ತೆ ಕುಣಿಯಲ್ಲಿ ಕಾಲಿಳಿಸಿದರು. ಲಾಳಿ ಓಡಿಸಿ, ಎಳೆ ಕೂರಿಸುವ ಹಣಿಗೆಯನ್ನು ಎಳೆದು ಬಡಿದರು, ಗಾಡಿ ಒಮ್ಮೆ ತಲೆದೂಗಿತು. ಮತ್ತೆ ಬಡಿದರು, ಮತ್ತೆ ತೂಗಿತು. ಐದನೇ ಬಡಿತಕ್ಕೆ ಗಾಡಿ ತಾನೇ ಮೇಲೆ ಕೆಳಗೆ ಜಿಗಿಯತೊಡಗಿ, ನೂಲು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲಾಯಿತು.

“ಅಳ್ಯಾರ, ಇದು ಮಗ್ಗೋ ತೊಟ್ಟಿಲೋ?” ಎಂದು ಕೇಳಿದರು ಅತ್ತೆ.

ಜಾಕ್ ಏರಿಸಿ ಚಾಸಿಯ ಕೆಳಗೆ ನಾಲ್ಕು ಕಲ್ಲುಬಂಡೆಯ ತುಂಡು ಕೊಟ್ಟೆ. ಗಾಡಿ ಕಲ್ಲಿನ ಮೇಲೆ ಕಲ್ಲಾಗಿ ನಿಂತಿತು. ಮರುದಿನದಿಂದ ಗ್ಯಾರೇಜಿನ ಮುಂದೆ ಲಾಳಿಯ ಸದ್ದು. ನನ್ನ ಸ್ಪ್ಯಾನರ್ ಸಹ ಅದರ ತಾಳಕ್ಕೇ ತಿರುಗುತ್ತಿತ್ತು. ಮದುವೆಯ ಹಿಂದಿನ ದಿನ ಕೆಂಪು ಸೆರಗಿನಲ್ಲಿ ಒಂದೇ ಗೇಣು ಉಳಿಸಿ ಅತ್ತೆ ಕೈ ಎತ್ತಿದರು. ಅರಿಷಿಣ ಹಚ್ಚಿದ ಹುಡುಗಿ ಹೊರಗೆ ಬರುವಂತಿರಲಿಲ್ಲ, ಹಾಗಾಗಿ ಮಗ್ಗವೇ ಅವಳ ಹತ್ತಿರ ಹೋಗಬೇಕಿತ್ತು. ಮುಹೂರ್ತ ಬಾದಾಮಿಯಲ್ಲಿ, ಹನ್ನೆರಡೂ ನಲವತ್ತಕ್ಕೆ.

ಮದುವೆಯ ದಿನ ಬೆಳಿಗ್ಗೆ ಆರಕ್ಕೆ ಬಿಟ್ಟೆವು. ರೋಡ್ ಹಂಪ್ ಬಂದಲ್ಲೆಲ್ಲ ಕೆಳಗಿನ ಡ್ರಮ್ಮು ಕರ್ರೆಂದು ಉಜ್ಜುತ್ತಿತ್ತು, ಮೂರನೇ ಗೇರು ಎರಡು ಸಲ ಕೈಕೊಟ್ಟಿತು. ಆದರೂ ಒಂಬತ್ತಕ್ಕೆ ಮಂಟಪದ ಅಂಗಳದಲ್ಲಿದ್ದೆವು. ಬಂಡೆಯ ತುಂಡುಗಳನ್ನು ಕೆಳಗಿಳಿಸಿ ಜಾಕಿಗೆ ಕೈ ಹಾಕಿದೆ. ಕೈಗೆ ಏನೂ ಸಿಗಲಿಲ್ಲ. ಜಾಕ್ ಇರುತ್ತಿದ್ದದ್ದು ಟೂಲ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಹುನಗುಂದದಲ್ಲಿತ್ತು.

ಮದುವೆಗೆ ಬಂದ ಕಾರಿನವರೊಬ್ಬರ ಜಾಕ್ ಕೇಳಿದೆ, ಅದು ಅರ್ಧಕ್ಕೇ ಸೊಟ್ಟಗಾಯಿತು. ಲಾರಿಯವರನ್ನು ಹುಡುಕುತ್ತ ಪೇಟೆ ಸುತ್ತಿ ಬರಿಗೈಯಲ್ಲಿ ಬಂದೆ. ಹತ್ತೂವರೆ ದಾಟಿತ್ತು. ಅತ್ತೆ ಕುಣಿಯಲ್ಲಿ ಕೂತು, ಒಮ್ಮೆ ಬಡಿದು, ಗಾಡಿ ಸುಮ್ಮನಾಗುವ ತನಕ ಕಾದು, ಮತ್ತೊಮ್ಮೆ ಬಡಿಯುತ್ತಿದ್ದರು. ಹೀಗೆ ನೇಯ್ದರೆ ಸಂಜೆಯಾಗುತ್ತಿತ್ತು. ಅವರು ನನ್ನನ್ನು ಬೈಯಲಿಲ್ಲ. “ಇರ್ಲಿ ಬಿಡ್ರಿ, ಇಲ್ಲೀತನಾ ಬಂತಲ್ಲ,” ಎಂದರು. ಅದನ್ನು ಕೇಳಿ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆಗ ಮಥುರಾಬಾಯಿಯವರು ಹೊರಗೆ ಬಂದರು. ಎಂಬತ್ತು ದಾಟಿದ ಜೀವ, ಕಚ್ಚೆ ಸೀರೆ, ಕೈಯಲ್ಲಿ ಕೋಲು.

“ಯಾಕ ಸಂಗಯ್ಯಾ, ಏನಾಗೇದ?”

“ಗಾಡಿ ಖಾಲಿ ಐತ್ರಿ ಬಾಯಾರ, ಅದಕ್ಕ ಜಿಗೀತೈತಿ.”

“ತುಂಬಿದ್ರ?”

“ತುಂಬಿದ್ರ ಕುಂಡರ್ತೈತ್ರಿ,” ಎಂದೆ. ಬಾಯಿಂದ ಮಾತು ಬಿದ್ದ ಮೇಲೆ ನನಗೇ ಹೊಳೆಯಿತು. ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು. ಕೋಲನ್ನು ಮಹೇಶ್ವರಿಯ ಕೈಗೆ ಕೊಟ್ಟು ಕಚ್ಚೆ ಬಿಗಿದರು.

“ಹಂಗಾದ್ರ ಹತ್ತಿಸು ನನ್ನ.”

ಗುಬ್ಬಿಯಷ್ಟು ತೂಕ, ಗಾಡಿಗೆ ಗೊತ್ತೂ ಆಗಲಿಲ್ಲ. ಆದರೆ ಅಜ್ಜಿ ಹತ್ತಿದ್ದನ್ನು ನೋಡಿ ಮಗ ಶಿರೀಷ ಮಾಸ್ತರರು ಹತ್ತಿದರು, ಅವರ ಹಿಂದೆ ನವನಗರದ ಬಳಗವೆಲ್ಲ. ನಾನು ಕೆಳಗೆ ನಿಂತು ಕೂಗುತ್ತಿದ್ದೆ: “ಸ್ವಲ್ಪ ಮೈತುಂಬಿದವರು ಹಿಂದ ಬರ್ರಿ.” ಮೈತುಂಬಿದವರು ಯಾರೂ ಇಲ್ಲವೆಂದಾಯಿತು. ಕಡೆಗೆ ವರನ ಸೋದರತ್ತೆ ಜರಿ ಸೀರೆ ಸರಿಪಡಿಸಿಕೊಂಡು, “ನನ್ನನ್ನ ನೋಡೇ ಹೇಳ್ಳಿಕತ್ತೀರಿ, ಗೊತ್ತದ,” ಎಂದು ಬಂದು ಹಿಂದಿನ ಮೂಲೆಯಲ್ಲಿ ಕೂತರು. ಗಾಡಿಯ ಸ್ಪ್ರಿಂಗ್ ಪಾಟಾ ಕಿರ್ರೆಂದು ಒಂದು ಬೆರಳು ಇಳಿಯಿತು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಗೆ ಬೀಗರ ಕಡೆಯವರೂ ಓಡಿ ಬಂದರು, ಬದಿಯ ಹಲಗೆಗಳ ಮೇಲೆ ಕಾಲು ಇಳಿಬಿಟ್ಟು ಸಾಲಾಗಿ ಕೂತರು. ಕೈಮುಗಿದು ಇನ್ನೂ ಇಬ್ಬರನ್ನು ಕರೆದೆ. ಹದಿನಾರಾಯಿತು. ಮಹೇಶ್ವರಿ ಅಮೀನಗಡದಲ್ಲಿ ಕೊಂಡಿದ್ದ ಕರದಂಟು ಹಂಚಿದಳು, ಎದ್ದು ಹೋಗಬಾರದೆಂದು.

ಅತ್ತೆ ಬಡಿದರು. ಗಾಡಿ ಅಲ್ಲಾಡಲಿಲ್ಲ.

ಆಮೇಲಿನ ಒಂದೂವರೆ ತಾಸು ನನ್ನ ಜನ್ಮದಲ್ಲಿ ಮರೆಯುವುದಿಲ್ಲ. ಲಾಳಿ ಓಡುತ್ತಿತ್ತು, ಎರಡೂ ಕಡೆಯ ಬೀಗರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಹರಟುತ್ತಿದ್ದರು. ಭಟ್ಟರು ಹೊರಗೆ ಬಂದು, ಸೋದರಮಾವನನ್ನು ಕರೆಯಿರಿ ಎಂದರು. ಸೋದರಮಾವ ಎಡಗಡೆಯ ಹಲಗೆಯ ನಡುವೆ ಇದ್ದರು.

“ಅವರು ಎದ್ದರ ಸೆರಗು ಓರೆ ಆಗತೈತ್ರಿ,” ಎಂದೆ.

“ಅವರು ಬರದಿದ್ರ ಮದುವೀನೇ ಆಗೂದಿಲ್ಲರಿ.”

ಅಡುಗೆಯವರನ್ನು ಕರೆಸಿದೆ. ಸೋದರಮಾವನಷ್ಟೇ ತೂಗುವ ಒಬ್ಬನನ್ನು ಕಣ್ಣಳತೆಯಲ್ಲಿ ಆರಿಸಿ, ಮಾವ ಎದ್ದ ಜಾಗದಲ್ಲಿ ಅವನನ್ನು ಕೂಡಿಸಿದೆ. ಆ ಪುಣ್ಯಾತ್ಮ ಸೌಟು ಹಿಡಿದುಕೊಂಡೇ ಕೂತ.

ಹನ್ನೆರಡೂ ಹತ್ತಕ್ಕೆ ಅತ್ತೆ ಶುಭದಾಳನ್ನು ಕರೆದರು. ಹುಡುಗಿ ಅರಿಷಿಣದ ಕೈಯಲ್ಲಿ ಮೆಲ್ಲಗೆ ಹತ್ತಿ, ಕುಣಿಯ ಅಂಚಿಗೆ ಕೂತು, ಲಾಳಿ ದಾಟಿಸಿದಳು. ಅತ್ತೆ ಅವಳ ಕೈ ಹಿಡಿದು ಕಡೆಯ ಎಳೆಯನ್ನು ಬಡಿಸಿದರು. ಕತ್ತರಿ ಆಡಿತು, ಸೀರೆ ಮಗ್ಗದಿಂದ ಇಳಿದು ಮಥುರಾಬಾಯಿಯವರ ತೊಡೆಯ ಮೇಲೆ ಬಿತ್ತು. ನನಗೆ ಕಣ್ಣು ತುಂಬಿ ಬಂತು. ಬಂತು, ಅದರಲ್ಲಿ ನಾಚಿಕೆ ಏನು.

ಮುಹೂರ್ತಕ್ಕೆ ಸರಿಯಾಗಿ ಆ ಸೀರೆಯ ಮೇಲೆ ಅಕ್ಷತೆ ಬಿತ್ತು. ಊಟ ಮುಗಿಸಿ ಹೊರಡುವ ಹೊತ್ತಿಗೆ ವರನ ಸೋದರತ್ತೆ ತಮ್ಮ ಮಗಳಿಗೂ ಒಂದು ಸೀರೆ ಹೇಳಿದ್ದರು. ದಾರಿಯಲ್ಲಿ ನಾನೇ ಬಾಯಿ ಬಿಟ್ಟೆ.

“ಮುಂದಿನ ವಾರ ಹೊಸಾ ಶಾಕ್ ಹಾಕ್ತೇನಿ ಅತ್ತಿ. ಆಮ್ಯಾಲ ಗಾಡಿ ಅಲ್ಲಾಡೂದಿಲ್ಲ. ನೀವು ಒಬ್ಬರ ಆರಾಮ ನೇಯಬಹುದು.”

ಅತ್ತೆ ತಿರುಗಿ ಹಿಂದಿನ ಮಗ್ಗವನ್ನು ನೋಡಿದರು. ಆಮೇಲೆ ಹೇಳಿದರು:

“ಹಾಕಬ್ಯಾಡ್ರಿ. ಅಲ್ಲಾಡದಿದ್ರ ನನ್ನ ಹತ್ರ ಯಾರ ಬಂದು ಕುಂಡರ್ತಾರ?”

ಹುನಗುಂದ ಮುಟ್ಟಿದ ಮೇಲೆ ಕೆಂಪು ಬಣ್ಣದ ಡಬ್ಬಿ ಹುಡುಕಿ ತೆಗೆದು, ಗೋಡೆಯ ಬರಹದ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಮಗ್ಗದ ಗಾಡಿಗೆ ಈ ನಿಯಮ ಇಲ್ಲ. ಹತ್ತಿ ಕೂಡ್ರಿ.’