ಬೆಂಗಳೂರಿನಲ್ಲಿ ಶಿವಪುತ್ರನ ಗುಂಡಿಗೆ

ಗಲಗಲಿಯ ಮಾಯವ್ವ ಕುರಿ ಮಾರಿದರೆ, ಅದರ ಬೆನ್ನಿನಿಂದ ಚೂರು ತುಪ್ಪಟ ಕಿತ್ತು ಜಂತಿಗೆ ಸಿಕ್ಕಿಸದೆ ಕುರಿಯನ್ನು ಬಿಟ್ಟುಕೊಟ್ಟವಳಲ್ಲ. ಕುರಿ ಹೋದರೂ ಅದರ ಏಳಿಗೆ ತನ್ನ ಹಟ್ಟಿಯಲ್ಲೇ ಉಳಿಯಬೇಕು. ಇಂಥವಳ ಕಣ್ಣೆದುರಿಗೇ ತಂಗಿಯ ಮಗಳು ವೈಶಾಲಿ, ಮಗ ಶಿವಪುತ್ರನ ತೋಳಿನಿಂದ ಚೂರು ಚರ್ಮ ತೆಗೆದುಕೊಂಡು ಬೆಂಗಳೂರಿನ ತನ್ನ ಪ್ರಯೋಗಾಲಯಕ್ಕೆ ಹೋಗಿದ್ದಳು. ಶಿವಪುತ್ರನೇನೋ ನಗುನಗುತ್ತಲೇ ತೋಳು ಚಾಚಿದ್ದ. ಮುದುಕಿಗೆ ಮಾತ್ರ ಅವತ್ತಿನಿಂದ ರೊಟ್ಟಿ ಸೇರಿರಲಿಲ್ಲ. ಓದಿದ ಹುಡುಗಿ ಮಗನ ಏಳಿಗೆಯನ್ನೇ ಕಿತ್ತುಕೊಂಡು ಹೋದಳು ಎಂದು ಅವಳಿಗೆ ಖಾತ್ರಿಯಾಗಿತ್ತು.

ಹಿರಿಯ ಮಗ ಸಿದರಾಯ ಕುರಿ ಮೇಯಿಸುತ್ತಲೇ ಕುಸಿದು ಸತ್ತಿದ್ದ. ಈಗ ಕಿರಿಯ ಶಿವಪುತ್ರನಿಗೂ ಆಗಾಗ ಕಣ್ಣು ಕತ್ತಲೆ ಬರುತ್ತಿತ್ತು, ಎದೆ ತಾಳ ತಪ್ಪುತ್ತಿತ್ತು. ಉಳಿದಿರುವ ಒಬ್ಬನನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತವಳು ಯಾರನ್ನು ತಾನೇ ನಂಬಿಯಾಳು?

ಕಬ್ಬು ಕಡಿದು ಮುಗಿಯುವ ಹೊತ್ತಿಗೆ ವೈಶಾಲಿ ಮತ್ತೆ ಬಂದಳು. ಶಿವಪುತ್ರ ಜ್ವರ, ಕೆಮ್ಮು ಎಂದು ಕಂಬಳಿ ಹೊದ್ದು ಮಲಗಿದ್ದ. ಅವಳು ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದಳು. ಗಾಜಿನ ತಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಮಾಂಸ ತನ್ನಷ್ಟಕ್ಕೆ ತಾನೇ ಮಿಡಿಯುತ್ತಿತ್ತು.

“ದೊಡ್ಡವ್ವಾ, ಅಣ್ಣನ ಚರ್ಮದಿಂದನ ಬೆಳಿಸೀವಿ. ಗುಂಡಿಗಿ ಮಾಂಸ ಇದು.”

“ಅಲ್ಲಿ ಹೊಡಕೊಳ್ಳಾಕತ್ತೈತಿ, ಅದಕ್ಕ ಇಲ್ಲಿ ತಾಳ ತಪ್ಪಾಕತ್ತೈತಿ! ಮೊದಲ ವಾಪಸ್ ತಂದ ಕೊಡು!”

“ಯವ್ವಾ, ನನಗ ಮೊದಲಿಂದಾನೂ ಹಿಂಗ ಐತಿ, ಸುಮ್ನಿರು ಬೇ,” ಎಂದ ಶಿವಪುತ್ರ.

ಸುಮ್ಮನಿರುವ ಪೈಕಿಯೇ ಅವಳು? ಗೊಣಗುತ್ತಲೇ ಔಷಧ ಅಂಗಡಿಯಿಂದ ತಂದಿದ್ದ ಗುಳಿಗೆ ಬಿಡಿಸಿ ಮಗನ ಬಾಯಿಗೆ ಒಯ್ದಳು. ಗುಳಿಗೆಯ ಹಾಳೆಯ ಮೇಲಿನ ಹೆಸರು ನೋಡಿದ ವೈಶಾಲಿ ದೊಡ್ಡವ್ವನ ಕೈ ಗಟ್ಟಿಯಾಗಿ ಹಿಡಿದುಬಿಟ್ಟಳು.

“ನನ್ನ ಮಗಗ ಔಷಧಾನೂ ಕೊಡಬಾರದೇನ? ಏನ್ ಹಗೀತನ ಐತಿ ನಿನಗ?”

“ಬ್ಯಾರೆಯವರಿಗೆ ಇದು ಛಲೋ ಗುಳಗಿನ, ದೊಡ್ಡವ್ವಾ. ಇಂಥಾ ಗುಂಡಿಗಿ ಇದ್ದವರಿಗೆ ಆಗಿಬರೂದಿಲ್ಲೇನೋ ಅಂತ ನಮಗ ಸಂಶೆ ಇತ್ತು. ಅಣ್ಣಗ ಕೊಟ್ಟು ನೋಡಾಕ ಬರ್ತೈತೇನು? ಅದಕ್ಕ ಈ ಮಾಂಸಕ್ಕ ಹಾಕಿ ನೋಡಿದ್ವಿ.”

“ಏನಾತು?”

ವೈಶಾಲಿ ಇನ್ನೊಂದು ವಿಡಿಯೊ ತೋರಿಸಿದಳು. ಅದೇ ಅಕ್ಕಿಕಾಳು ಮಿಡಿಯಿತು, ತಡವರಿಸಿತು, ಬಡಬಡನೆ ಅದುರಿತು. ಆಮೇಲೆ ನಿಂತುಹೋಯಿತು.

ಮಾಯವ್ವನ ಕೈಯಿಂದ ಗುಳಿಗೆ ಜಾರಿತು. ಅವಳು ಮಗನ ಅಂಗಿಯೊಳಗೆ ಕೈ ತೂರಿಸಿ ಎದೆಯ ಮೇಲೆ ಅಂಗೈ ಊರಿದಳು. ಬಡಿತ ಇತ್ತು. ಅವಳಿಗೆ ಅಳು ಒತ್ತರಿಸಿ ಬಂತು. ಅಷ್ಟು ಅತ್ತವಳು ಕಣ್ಣೊರೆಸಿಕೊಂಡು ಮೊಬೈಲಿನತ್ತ ನೋಡಿ ಕೇಳಿದಳು:

“ಅದನ್ನ ಎಲ್ಲಿ ಮಣ್ಣ ಮಾಡಿದಿ?”

ವೈಶಾಲಿ ಮೊಬೈಲನ್ನು ಮಗುಚಿ ಕೆಳಗಿಟ್ಟಳು.

“ಚೆಲ್ಲಿ ಬಂದಿಯೇನ? ನನ್ನ ಮಗನ ಸಾವು ಸತ್ತೈತಿ ಅದು, ಹುಚ್ಚೀ. ಅದಕ್ಕ ಒಂದ್ ಹಿಡಿ ಮಣ್ಣರೆ ಹಾಕಬೇಕಿಲ್ಲೇನು?”